ಶರಾವತಿ ಹಿನ್ನೀರಿನ ನಡುಗಡ್ಡೆಗಳಲ್ಲಿ ಮೂರು ದಿನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆಗಾಲ ಮುಗಿಯುವ ಹೊತ್ತಿಗೆ ಹಿನ್ನೀರಿನ ಪ್ರವಾಸದ ಬಗ್ಗೆ ಪತ್ರಗಳು ಬರತೊಡಗುತ್ತವೆ. ಈ ಸಲ ಬಂದವುಗಳಲ್ಲಿ ಹೆಚ್ಚಿನವು ಒಂದೇ ಆಸೆಯವು: ಆಪ್ತರೊಬ್ಬರನ್ನು ಜೊತೆಗಿಟ್ಟುಕೊಂಡು ಕಯಾಕ್‌ನಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನ ನಡುಗಡ್ಡೆಗಳನ್ನು ಎರಡು ಮೂರು ದಿನ ಸುತ್ತಬೇಕು, ಅಲ್ಲೇ ತಂಗಬೇಕು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಗೆಳೆಯ ಮತ್ತು ನಾನು ಮೂರು ದಿನದ ಪ್ರವಾಸ ಯೋಚಿಸಿದ್ದೇವೆ. ಅವನಿಗೆ ಏಪ್ರಿಲ್ ಅನುಕೂಲ, ನನಗೆ ಡಿಸೆಂಬರ್. ಯಾವುದು ಒಳ್ಳೆಯದು? (ಸಾಗರ)

ಡಿಸೆಂಬರ್. ನವೆಂಬರ್ ಕೊನೆಯ ವಾರದಿಂದ ಡಿಸೆಂಬರ್ ಕೊನೆಯವರೆಗಿನ ದಿನಗಳೇ ಎಲ್ಲಕ್ಕಿಂತ ಒಳ್ಳೆಯವು. ತಂಪು ಹವೆಯೊಂದೇ ಅದಕ್ಕೆ ಕಾರಣವಲ್ಲ, ಮುಖ್ಯವಾದದ್ದು ನೀರಿನ ಮಟ್ಟ.

ಲಿಂಗನಮಕ್ಕಿಯ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮಳೆ ಚೆನ್ನಾಗಿ ಹಿಡಿದ ವರ್ಷ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ನೀರು ಅದರ ಹತ್ತಿರ ಬರುತ್ತದೆ. ಆಮೇಲೆ ಒಳಹರಿವು ನಿಂತರೂ ವಿದ್ಯುತ್ ಉತ್ಪಾದನೆಗೆ ನೀರು ಹೋಗುತ್ತಲೇ ಇರುವುದರಿಂದ ಮಟ್ಟ ದಿನದಿನಕ್ಕೆ ಇಳಿಯುತ್ತ ಹೋಗಿ ಮೇ ಕೊನೆಗೆ ತಳ ಕಾಣುತ್ತದೆ. ಹಿನ್ನೀರಿನ ನಡುಗಡ್ಡೆಗಳು ಸಮುದ್ರದ ದ್ವೀಪಗಳಂತೆ ಒಂದೇ ಆಕಾರದಲ್ಲಿ ನಿಂತಿರುವುದಿಲ್ಲ. 1964ರಲ್ಲಿ ಅಣೆಕಟ್ಟು ಮುಗಿದು ಕಣಿವೆ ಮುಳುಗಿದಾಗ ಉಳಿದುಕೊಂಡ ಗುಡ್ಡದ ನೆತ್ತಿಗಳು ಅವು. ನೀರು ಹತ್ತು ಹದಿನೈದು ಅಡಿ ಇಳಿದರೆ ಎರಡು ನಡುಗಡ್ಡೆ ಕೂಡಿ ಒಂದಾಗುತ್ತವೆ, ಮತ್ತೊಂದು ದಡಕ್ಕೆ ಅಂಟಿಕೊಳ್ಳುತ್ತದೆ, ನಡುವಿನ ಓಣಿ ಕೆಸರಾಗುತ್ತದೆ. ಡಿಸೆಂಬರಿನಲ್ಲಿ ದೋಣಿ ಸಾಗಿದ ದಾರಿಯಲ್ಲಿ ಏಪ್ರಿಲ್‌ನಲ್ಲಿ ದನ ಮೇಯುತ್ತಿರುತ್ತವೆ.

ಮಟ್ಟ ಇಳಿದಾಗ ಆಗುವ ತೊಂದರೆಗಳು ಮೂರು. ಮುಳುಗಡೆಯ ಕಾಲದ ಮರದ ಬೊಡ್ಡೆಗಳು ಈಗಲೂ ನೀರೊಳಗೆ ನಿಂತಿವೆ. ತುಂಬಿದ ನೀರಿನಲ್ಲಿ ಅವು ಆಳದಲ್ಲಿರುತ್ತವೆ, ಮಟ್ಟ ಇಳಿದಂತೆ ಮೇಲ್ಮೈಗಿಂತ ಗೇಣು ಕೆಳಗೆ ಬಂದು ನಿಲ್ಲುತ್ತವೆ. ಬಿಸಿಲು ಎದುರಿಗಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಕಯಾಕ್ ಅಡ್ಡಲಾಗಿ ಬೊಡ್ಡೆಯ ಮೇಲೆ ಕೂತಿತೆಂದರೆ ಸಣ್ಣ ಅಲೆಯೇ ಮಗುಚಲು ಸಾಕು. ಎರಡನೆಯದು ಹೂಳು. ದಡದಿಂದ ನೀರಿನವರೆಗೆ ಐವತ್ತು ನೂರು ಮೀಟರ್ ಒದ್ದೆ ಮಣ್ಣು ತೆರೆದುಕೊಳ್ಳುತ್ತದೆ, ಮೇಲೆ ಒಣಗಿದಂತೆ ಕಂಡರೂ ಒಳಗೆ ಮೊಣಕಾಲಿನವರೆಗೆ ಹೂತುಹೋಗುವ ಕೆಸರು. ಸಾಮಾನು ಹೊತ್ತು ಅದನ್ನು ದಾಟಲಾಗದು. ಮೂರನೆಯದು ಉಣುಗು, ಅಂದರೆ ಮೈಗೆ ಕಚ್ಚಿಕೊಳ್ಳುವ ಉಣ್ಣೆ. ಅದರ ಮಾತು ಮುಂದೆ ಬೇರೆಯಾಗಿಯೇ ಬರುತ್ತದೆ.

ದಿನ ಗೊತ್ತುಮಾಡುವ ಮುನ್ನ ಪತ್ರಿಕೆಗಳಲ್ಲಿ ಬರುವ ಜಲಾಶಯಗಳ ಮಟ್ಟದ ಪಟ್ಟಿಯನ್ನು ಒಂದು ವಾರ ಗಮನಿಸಿ. ಇಂದಿನ ಮಟ್ಟ, ಒಳಹರಿವು, ಹೊರಹರಿವು, ಈ ಮೂರನ್ನೂ ಬರೆದುಕೊಳ್ಳಿ. ಅಕ್ಟೋಬರಿನಲ್ಲಿ ಹೋಗುವ ಮನಸ್ಸಿದ್ದರೆ ಒಳಹರಿವಿನ ಅಂಕಿ ಇನ್ನೂ ಮುಖ್ಯ. ನದಿಯ ಮೇಲ್ಭಾಗದ ಹೊಸನಗರ ಕಡೆ ಹಿಂಗಾರಿನ ಗುಡುಗು ಮಳೆ ಹೊಡೆದರೆ ಇಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ, ಮಧ್ಯಾಹ್ನದ ಸಿಡಿಲೂ ಇರುತ್ತದೆ. ಗುಡುಗು ಕೇಳಿದ ಕೂಡಲೇ ನೀರು ಬಿಟ್ಟು ದಡಕ್ಕೆ ಬರಬೇಕು. ಬಯಲು ನೀರಿನಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ಪ್ಯಾಡಲ್ ಹಿಡಿದ ಮನುಷ್ಯನೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಯೋಚನೆಯೇ ಬೇಡ.

ಪ್ರಶ್ನೆ: ನೀರು ಎಲ್ಲರದ್ದಲ್ಲವೇ? ಸ್ವಂತ ಕಯಾಕ್ ಇದ್ದರೂ ಅನುಮತಿ ಬೇಕೇ? (ಹೊಸನಗರ)

ಬೇಕು. ಜಲಾಶಯ ಕರ್ನಾಟಕ ವಿದ್ಯುತ್ ನಿಗಮದ ಸುಪರ್ದಿಯಲ್ಲಿದೆ. ಸುತ್ತಲಿನ ಕಾಡು ಅರಣ್ಯ ಇಲಾಖೆಯದು, ಅದರ ಬಹುಭಾಗ 2019ರಲ್ಲಿ ವಿಸ್ತರಿಸಿ ಮರುಹೆಸರಿಟ್ಟ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದೊಳಗೆ ಬರುತ್ತದೆ. ಅಭಯಾರಣ್ಯದಲ್ಲಿ ಅನುಮತಿಯಿಲ್ಲದೆ ಕಾಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ರಾತ್ರಿ ತಂಗುವುದೂ ಅಷ್ಟೇ. ಹಾಗಾಗಿ ಅರ್ಜಿಯಲ್ಲಿ 'ಹಿನ್ನೀರು ಪ್ರವಾಸ' ಎಂದಷ್ಟೇ ಬರೆಯಬೇಡಿ. ಯಾವ ದಡದಿಂದ ಹೊರಡುತ್ತೀರಿ, ಯಾವ ನಡುಗಡ್ಡೆಯಲ್ಲಿ ತಂಗುತ್ತೀರಿ, ಎಷ್ಟು ಜನ, ಎಷ್ಟು ರಾತ್ರಿ, ದೋಣಿಯ ಬಗೆ ಇವನ್ನೆಲ್ಲ ನಕ್ಷೆಯೊಂದಿಗೆ ಕೊಡಿ. ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಮೊದಲು ಕೇಳಿದರೆ ನೀವು ಗುರುತಿಸಿದ ನಡುಗಡ್ಡೆ ಅಭಯಾರಣ್ಯದ ಒಳಗೋ ಹೊರಗೋ ಎಂದು ತಿಳಿಯುತ್ತದೆ. ಕನಿಷ್ಠ ಒಂದು ತಿಂಗಳು ಮುಂಚೆ ಶುರುಮಾಡಿ.

ಮೊದಲ ಸಲ ಹೋಗುವವರಿಗೆ ನಮ್ಮ ಸಲಹೆ: ಈ ಓಡಾಟವನ್ನು ನೀವೇ ತಲೆಗೆ ಹಚ್ಚಿಕೊಳ್ಳಬೇಡಿ. ತಾಳಗುಪ್ಪದ ಸಮೀಪದ ಹೊನ್ನೇಮರಡುವಿನಲ್ಲಿ ಜಲಸಾಹಸ ತರಬೇತಿ ಬಹಳ ವರ್ಷಗಳಿಂದ ನಡೆದುಬಂದಿದೆ. ಅಂಥ ಕಡೆ ಮೊದಲೇ ಮಾತಾಡಿ, ಮಾರ್ಗದರ್ಶಕರೊಂದಿಗೆ ಹೋಗಿ. ತಾಳಗುಪ್ಪದವರೆಗೆ ರೈಲಿದೆ, ಅಲ್ಲಿಂದ ಮುಂದೆ ಸಾಮಾನಿನ ಜೊತೆ ಬಾಡಿಗೆ ವಾಹನವೇ ಅನುಕೂಲ.

ಅನುಮತಿ ಸಿಕ್ಕರೂ ಅಣೆಕಟ್ಟಿನ ಕಡೆಗೂ, ತಳಕಳಲೆ ಜಲಾಶಯಕ್ಕೆ ನೀರು ಒಯ್ಯುವ ಕಾಲುವೆಯ ಬಾಯಿಯ ಕಡೆಗೂ ಹೋಗಲೇಬೇಡಿ. ಅಲ್ಲಿ ನೀರು ಮೇಲೆ ಸ್ತಬ್ಧವಾಗಿ ಕಂಡರೂ ಒಳಗೆ ಎಳೆತ ಇರುತ್ತದೆ.

ಪ್ರಶ್ನೆ: ಇಬ್ಬರೂ ಒಂದೇ ಜೋಡಿ ಕಯಾಕ್‌ನಲ್ಲಿ ಹೋಗುವುದೋ, ಒಂಟಿ ಕಯಾಕ್ ಎರಡು ತೆಗೆದುಕೊಳ್ಳುವುದೋ? ತೆಪ್ಪವಾದರೆ ಹೇಗೆ? (ಶಿವಮೊಗ್ಗ)

ತೆಪ್ಪವನ್ನು ಮೊದಲೇ ಪಕ್ಕಕ್ಕಿಡೋಣ. ದುಂಡನೆಯ ತಳಕ್ಕೆ ದಿಕ್ಕು ಎಂಬುದಿಲ್ಲ. ಗಾಳಿ ಎದ್ದರೆ ಎಷ್ಟು ಹುಟ್ಟು ಹಾಕಿದರೂ ಗಾಳಿ ಹೋದತ್ತಲೇ ಹೋಗುತ್ತದೆ. ದಡದ ಹತ್ತಿರದ ಸುತ್ತಾಟಕ್ಕೆ ಚೆಂದ, ದಿನಗಟ್ಟಲೆ ಸಾಗುವುದಕ್ಕೆ ಆಗದು.

ಕಯಾಕ್‌ಗಳ ವಿಷಯದಲ್ಲಿ ಉತ್ತರ ನಿಮ್ಮಿಬ್ಬರ ಶಕ್ತಿಯನ್ನು ಅವಲಂಬಿಸಿದೆ. ಒಬ್ಬರಿಗೆ ಅಭ್ಯಾಸವಿದ್ದು ಇನ್ನೊಬ್ಬರು ಹೊಸಬರಾದರೆ ಜೋಡಿ ಕಯಾಕ್ ಒಳ್ಳೆಯದು. ಇಬ್ಬರೂ ಒಟ್ಟಿಗಿರುತ್ತೀರಿ, ಒಬ್ಬರು ಹಿಂದೆ ಬೀಳುವ ಪ್ರಶ್ನೆಯಿಲ್ಲ. ಹಿಂದೆ ಕೂರುವವರು ದಿಕ್ಕು ತಿರುಗಿಸಬೇಕು, ಆದ್ದರಿಂದ ಅನುಭವಿ ಹಿಂದೆ. ಮುಂದೆ ಕೂತವರ ಕೈಯ ಲಯ ಹಿಂದಿನವರಿಗೆ ಕಾಣುತ್ತದೆ, ಅದನ್ನೇ ಅವರು ಅನುಸರಿಸಬೇಕು. ಮುಂದಿನವರು ಮನಬಂದಂತೆ ವೇಗ ಬದಲಿಸಿದರೆ ಪ್ಯಾಡಲ್‌ಗಳು ಒಂದಕ್ಕೊಂದು ಬಡಿಯುತ್ತವೆ. ಮೊದಲ ಒಂದು ಗಂಟೆಯಲ್ಲಿ ಜಗಳ ಶುರುವಾಗುವುದು ಹೆಚ್ಚಾಗಿ ಇದರಿಂದಲೇ. ನಿಧಾನವಾದ, ಒಂದೇ ಸಮನಾದ ಲಯಕ್ಕೆ ಇಬ್ಬರೂ ಮೊದಲೇ ಒಪ್ಪಿಕೊಳ್ಳಿ.

ಇಬ್ಬರಿಗೂ ಅಭ್ಯಾಸವಿದ್ದರೆ ಎರಡು ಒಂಟಿ ಕಯಾಕ್ ಸುರಕ್ಷಿತ. ಒಂದು ಮಗುಚಿದರೆ ಇನ್ನೊಂದು ಆಸರೆ, ಒಬ್ಬರ ತೋಳು ಸೋತರೆ ಇನ್ನೊಬ್ಬರು ಎಳೆಯಬಹುದು. ಎಳೆಯುವ ಹಗ್ಗ ನೀರಿನಲ್ಲಿ ತೇಲುವ ಬಗೆಯದು, 10ರಿಂದ 15 ಮೀಟರ್ ಉದ್ದ. ಅದನ್ನು ಸೊಂಟಕ್ಕೆ ಗಂಟು ಹಾಕಿಕೊಳ್ಳಬಾರದು. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಕೊಂಡಿಯಿಂದ ದೋಣಿಗೆ ಸಿಕ್ಕಿಸಬೇಕು.

ಯಾವುದನ್ನೇ ಆರಿಸಿದರೂ ಮಗುಚಿದ ಮೇಲೆ ಮತ್ತೆ ಹತ್ತುವುದನ್ನು ಕಲಿಯದೆ ಹೊರಡಬೇಡಿ. ಒಳಗೆ ಕೂರುವ ಕಯಾಕ್‌ನೊಳಗೆ ನೀರು ತುಂಬಿಕೊಳ್ಳುತ್ತದೆ, ಅದನ್ನು ಪಂಪ್‌ನಿಂದ ಹೊರಹಾಕುವವರೆಗೆ ದೋಣಿ ತೊನೆಯುತ್ತಲೇ ಇರುತ್ತದೆ. ಹಾಗಾಗಿ ಹೊಸಬರಿಗೆ ಮೇಲೆ ಕೂರುವ ಬಗೆಯದೇ ಸರಿ. ಅದರಲ್ಲಿ ಹತ್ತುವ ಕ್ರಮ ಹೀಗೆ: ಬಿದ್ದ ತಕ್ಷಣ ಒಂದು ಕೈ ದೋಣಿಯ ಮೇಲಿರಲಿ, ಇನ್ನೊಂದು ಕೈಯಲ್ಲಿ ಪ್ಯಾಡಲ್. ಗಾಳಿಯಿದ್ದರೆ ಖಾಲಿ ದೋಣಿ ನೀವು ಈಜುವುದಕ್ಕಿಂತ ವೇಗವಾಗಿ ತೇಲಿಹೋಗುತ್ತದೆ. ಮಗುಚಿದ ದೋಣಿಯ ತಳದ ಮೇಲಿಂದ ಕೈಚಾಚಿ ಆಚೆಯ ಅಂಚು ಹಿಡಿದು ನಿಮ್ಮ ಕಡೆಗೆ ಎಳೆಯಿರಿ, ಅದು ನೆಟ್ಟಗಾಗುತ್ತದೆ. ಆಮೇಲೆ ನಡುಭಾಗದ ಹತ್ತಿರ ಬಂದು ಕಾಲುಗಳನ್ನು ಹಿಂದಕ್ಕೆ ಬಡಿದು ಮೈಯನ್ನು ನೀರಿನ ಮಟ್ಟಕ್ಕೆ ತನ್ನಿ, ಹೊಟ್ಟೆಯನ್ನು ದೋಣಿಯ ಮೇಲೆ ಹಾಕಿ, ಮಗ್ಗುಲಾಗಿ ಹೊರಳಿ ಕೂತುಕೊಳ್ಳಿ, ಕೊನೆಗೆ ಕಾಲು ಒಳಗೆ. ಕಾಲು ಕೆಳಗೆ ನೇತಾಡುತ್ತಿರುವಾಗ ತೋಳಿನ ಬಲದಿಂದಲೇ ಹತ್ತಲು ಹೋದರೆ ದೋಣಿ ಮತ್ತೆ ನಿಮ್ಮ ಮೇಲೆ ಮಗುಚುತ್ತದೆ. ಹೆಚ್ಚಿನವರು ಸೋಲುವುದು ಇಲ್ಲೇ. ಜೋಡಿ ಕಯಾಕ್ ಆದರೆ ಒಬ್ಬರು ಹತ್ತುವಾಗ ಇನ್ನೊಬ್ಬರು ಎದುರು ಬದಿಯಲ್ಲಿ ಜಗ್ಗಿ ಹಿಡಿದಿರಬೇಕು. ಎದೆಮಟ್ಟದ ನೀರಿನಲ್ಲಿ ತರಬೇತುದಾರರ ಎದುರು ಇಬ್ಬರೂ ಸತತ ಮೂರು ಸಲ ಸರಾಗವಾಗಿ ಹತ್ತುವವರೆಗೆ ಅಭ್ಯಾಸ ಮಾಡಿ. ಅದಾಗದಿದ್ದರೆ ಮೋಟಾರ್ ದೋಣಿಯೊಂದು ಜೊತೆಗಿರುವ ತಂಡದೊಂದಿಗೇ ಹೋಗಿ.

ಪ್ರಶ್ನೆ: ನನಗೆ ಈಜು ಬರುವುದಿಲ್ಲ. ಲೈಫ್ ಜಾಕೆಟ್ ಸಾಕೇ? (ಭದ್ರಾವತಿ)

ಸರಿಯಾಗಿ ಕೂತ ಜಾಕೆಟ್ ತೇಲಿಸುತ್ತದೆ, ಸಡಿಲವಾದದ್ದು ತಲೆಯ ಮೇಲಿಂದ ಜಾರುತ್ತದೆ. ಎಲ್ಲ ಪಟ್ಟಿ ಬಿಗಿದ ಮೇಲೆ ಗೆಳೆಯರಿಂದ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಸಿ ನೋಡಿ. ಗಲ್ಲ ದಾಟಿ ಮೇಲೆ ಬಂದರೆ ಆ ಅಳತೆ ನಿಮ್ಮದಲ್ಲ. ಆದರೆ ನೀರಿಗೆ ಹೆದರುವವರು ಮಗುಚಿದಾಗ ದೋಣಿ ಬಿಟ್ಟುಬಿಡುತ್ತಾರೆ. ಮೊದಲು ಜಾಕೆಟ್ ಹಾಕಿಕೊಂಡು ಬೆನ್ನ ಮೇಲೆ ಹತ್ತು ನಿಮಿಷ ತೇಲುವುದನ್ನು ರೂಢಿಸಿಕೊಳ್ಳಿ, ಆಮೇಲೆ ಪ್ರವಾಸ.

ಪ್ರಶ್ನೆ: ಉಪಗ್ರಹ ನಕ್ಷೆಯಲ್ಲಿ ಅಳೆದು ದಿನಕ್ಕೆ 20 ಕಿ.ಮೀ.ನಂತೆ ಮೂರು ದಿನಕ್ಕೆ 60 ಕಿ.ಮೀ. ಲೆಕ್ಕ ಹಾಕಿದ್ದೇವೆ. ಸರಿಯೇ? (ತೀರ್ಥಹಳ್ಳಿ)

ಲೆಕ್ಕ ಅರ್ಧಕ್ಕೆ ಇಳಿಸಿ. ಸಾಮಾನು ತುಂಬಿದ ಕಯಾಕ್‌ನಲ್ಲಿ ಹೊಸಬರ ವೇಗ ಗಂಟೆಗೆ 3ರಿಂದ 4 ಕಿ.ಮೀ. ಎದುರುಗಾಳಿ ಇದ್ದರೆ ಅದರ ಅರ್ಧ. ವೇಗಕ್ಕಿಂತಲೂ ಗಟ್ಟಿಯಾದ ಮಿತಿ ಹೊತ್ತಿನದು. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದೇ ಏಳರ ಸುಮಾರಿಗೆ. ನೀರಿನ ಮೇಲೆ ಮಂಜು ಕವಿದಿದ್ದರೆ ಎಂಟೂವರೆಯವರೆಗೂ ಆಚೆ ದಡ ಕಾಣದು. ಮಂಜಿನಲ್ಲಿ ಹೊರಡಬೇಡಿ. ದಿಕ್ಕು ತಪ್ಪುವುದಷ್ಟೇ ಅಲ್ಲ, ಮೀನುಗಾರರ ಮೋಟಾರ್ ದೋಣಿಗೂ ಜನ, ವಾಹನ ದಾಟಿಸುವ ಲಾಂಚಿಗೂ ನೀವು ಕಾಣಿಸುವುದಿಲ್ಲ. ಇನ್ನು ಹನ್ನೊಂದೂವರೆ, ಹನ್ನೆರಡರ ಹೊತ್ತಿಗೆ ನೆಲ ಕಾದು ಗಾಳಿ ಏಳುತ್ತದೆ. ನಿಮಗೆ ಸಿಗುವುದು ನಡುವಿನ ಮೂರು ಗಂಟೆ, ಅಂದರೆ ಹತ್ತು ಕಿ.ಮೀ. ಸಂಜೆ ಗಾಳಿ ಇಳಿದರೆ ಇನ್ನೊಂದು ಗಂಟೆ ಸಿಗಬಹುದು, ಆದರೆ ಅದನ್ನು ನೆಚ್ಚಿ ಯೋಜನೆ ಹಾಕಬಾರದು. ಆರು ದಾಟಿದ ಸ್ವಲ್ಪ ಹೊತ್ತಿಗೇ ಕತ್ತಲು.

ಗಾಳಿ ಎಷ್ಟು ಜೋರು ಎನ್ನುವುದಷ್ಟೇ ಅಲೆಯನ್ನು ನಿರ್ಧರಿಸುವುದಿಲ್ಲ. ಆ ಗಾಳಿ ಎಷ್ಟು ದೂರ ಬಯಲು ನೀರಿನ ಮೇಲೆ ಬೀಸಿಬಂದಿದೆ ಎನ್ನುವುದೂ ಅಷ್ಟೇ ಮುಖ್ಯ. ಸಣ್ಣ ಕೊಲ್ಲಿಯಲ್ಲಿ ಬರೀ ನವಿರು ಏಳಿಸುವ ಗಾಳಿಯೇ ಐದಾರು ಕಿ.ಮೀ. ಉದ್ದದ ಹರವಿನ ತುದಿಯಲ್ಲಿ ಕಯಾಕ್ ಒಳಗೆ ನೀರು ಚೆಲ್ಲುವ ತೆರೆ ಎಬ್ಬಿಸುತ್ತದೆ. ಹಿನ್ನೀರು ಮುನ್ನೂರು ಚದರ ಕಿ.ಮೀ. ಮೀರಿದ ಹರವು, ಅಂಥ ಜಾಗಗಳು ಅಲ್ಲಿ ಸಾಕಷ್ಟಿವೆ. ಆದ್ದರಿಂದ ದಾರಿಯನ್ನು ನೇರಗೆರೆಯಲ್ಲಿ ಎಳೆಯಬೇಡಿ. ನಡುಗಡ್ಡೆಯ ಮರೆಯಿಂದ ನಡುಗಡ್ಡೆಯ ಮರೆಗೆ ಹೋಗಿ. ಒಂದು ಕಿ.ಮೀ.ಗಿಂತ ಅಗಲದ ಬಯಲು ನೀರನ್ನು ದಾಟುವುದಿದ್ದರೆ ಹತ್ತು ಗಂಟೆಯೊಳಗೇ ದಾಟಿ ಮುಗಿಸಿ. ದಾಟಲು 15ರಿಂದ 20 ನಿಮಿಷ ಬೇಕು, ನೀರು ಕೆಡುವುದಕ್ಕೂ ಅಷ್ಟೇ ಸಾಕು. ಗಾಳಿಯಲ್ಲಿ ಸಿಕ್ಕಿಬಿದ್ದರೆ ದೋಣಿಯ ಮೂತಿಯನ್ನು ಅಲೆಗೆ ಓರೆಯಾಗಿ ಇಟ್ಟು ಹತ್ತಿರದ ಮರೆಗೆ ಸರಿಯಿರಿ. ಹೋಗಬೇಕಾದ ದಡ ಯಾವುದು ಎಂಬುದನ್ನು ಆಗ ಮರೆತುಬಿಡಿ.

ನಕ್ಷೆಯ ಬಗ್ಗೆ ಒಂದು ಎಚ್ಚರ. ಉಪಗ್ರಹ ಚಿತ್ರ ಯಾವ ತಿಂಗಳಿನದು ಎಂದು ನೋಡಿ. ಬೇಸಗೆಯ ಚಿತ್ರದಲ್ಲಿ ನೆಲವಾಗಿ ಕಂಡದ್ದು ಡಿಸೆಂಬರಿನಲ್ಲಿ ನೀರು, ಮಳೆಗಾಲ ಮುಗಿದ ಕೂಡಲೇ ತೆಗೆದ ಚಿತ್ರದಲ್ಲಿ ನೀರಾಗಿ ಕಂಡದ್ದು ಫೆಬ್ರವರಿಯಲ್ಲಿ ಕೆಸರು. ಹಾಗೆಂದು ಬೇಸಗೆಯ ಚಿತ್ರ ಕೆಲಸಕ್ಕೆ ಬಾರದ್ದೇನಲ್ಲ. ಬೊಡ್ಡೆಗಳ ಗುಂಪು, ಹಳೆಯ ರಸ್ತೆ, 1948ರ ಕಾಲದ ಮಡೆನೂರು ಅಣೆಕಟ್ಟಿನ ಗೋಡೆ ಎಲ್ಲಿದೆ ಎಂಬುದನ್ನು ಅದೇ ತೋರಿಸುತ್ತದೆ. ನೀರು ತೀರಾ ಇಳಿದ ವರ್ಷಗಳಲ್ಲಿ ಆ ಅಣೆಕಟ್ಟು ಪೂರ್ತಿ ಹೊರಗೆ ಬರುತ್ತದೆ, ಅರ್ಧ ಮುಳುಗಿದ್ದಾಗಲೇ ಅಪಾಯ. ಎರಡೂ ಕಾಲದ ಚಿತ್ರಗಳನ್ನು ಒಟ್ಟಿಗಿಟ್ಟು ನೋಡಿ ಗುರುತು ಹಾಕಿಕೊಳ್ಳಿ. ಮೊಬೈಲಿನಲ್ಲಿ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದರೆ ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ನಡೆಯುತ್ತದೆ. ಜೊತೆಗೆ ದಿಕ್ಸೂಚಿಯೊಂದು ಕೊರಳಲ್ಲಿರಲಿ.

ಮೂರು ದಿನಕ್ಕೆ ನಾವು ಹೇಳುವ ಯೋಜನೆ ಬೇರೆಯೇ. ದಿನಕ್ಕೊಂದು ನಡುಗಡ್ಡೆ ಬದಲಿಸಬೇಡಿ. ದಡದಿಂದ ಒಂದೂವರೆ ಗಂಟೆಯೊಳಗೆ ತಲುಪುವ ನಡುಗಡ್ಡೆಯೊಂದನ್ನು ಆರಿಸಿ ಎರಡೂ ರಾತ್ರಿ ಅಲ್ಲೇ ತಂಗಿ. ನಡುವಿನ ದಿನ ಸಾಮಾನನ್ನೆಲ್ಲ ಬಿಡಾರದಲ್ಲಿಟ್ಟು, ಹಗುರ ದೋಣಿಯಲ್ಲಿ ಸುತ್ತಲಿನ ಕೊಲ್ಲಿಗಳನ್ನು ನಿಧಾನವಾಗಿ ನೋಡಿಬನ್ನಿ. ದಿನವೂ ಡೇರೆ ಕಿತ್ತು ಕಟ್ಟುವವರು ಗಾಳಿ ಏಳುವ ಹೊತ್ತಿಗೆ ನೀರಿಗಿಳಿಯುತ್ತಾರೆ, ದಣಿದು ಜಾಗ ಹುಡುಕುತ್ತಾರೆ, ನಡುಗಡ್ಡೆಯನ್ನು ನೋಡುವುದೇ ಇಲ್ಲ. ಈ ಗುಡ್ಡಗಳ ಕೆಳಗೆ ಊರುಗಳಿದ್ದವು, ಗದ್ದೆ ತೋಟಗಳಿದ್ದವು. ನೀರಂಚಿನಲ್ಲಿ ಮನೆಯ ಅಡಿಪಾಯದ ಕಲ್ಲೋ ಕಟ್ಟೆಯೋ ಕಂಡರೆ ನಿಂತು ನೋಡುವಷ್ಟು ಸಮಯ ಇಟ್ಟುಕೊಳ್ಳಿ. ಹಾಗೆ ಓಡಾಡುವಾಗ ಹಳೆಯ ಬಾವಿಗಳ ಬಗ್ಗೆ ಎಚ್ಚರ, ಪೊದೆ ಮುಚ್ಚಿದ್ದರೆ ಕಾಣುವುದಿಲ್ಲ.

ಪ್ರಶ್ನೆ: ನಡುಗಡ್ಡೆಯಲ್ಲಿ ಡೇರೆ ಹಾಕುವ ಜಾಗ ಹೇಗಿರಬೇಕು? ಮಂಗನ ಕಾಯಿಲೆಯ ಭಯವೂ ಇದೆ. (ಸಾಗರ, ಸೊರಬದಿಂದ ಒಂದೇ ಅರ್ಥದ ಪತ್ರಗಳು)

ಮೊದಲು ನೀರು. ಡೇರೆ ನೀರಿನ ಅಂಚಿಗಿಂತ ಆಳೆತ್ತರದಷ್ಟಾದರೂ ಮೇಲಿರಲಿ. ಒಳಹರಿವು ಇರುವ ದಿನಗಳಲ್ಲಿ ಒಂದೇ ರಾತ್ರಿಯಲ್ಲಿ ನೀರು ಅಡಿಗಟ್ಟಲೆ ಏರಬಹುದು. ಇಳಿಜಾರು ಕಡಿಮೆಯಿರುವ ದಡದಲ್ಲಿ ಒಂದಡಿ ಏರಿಕೆ ಎಂದರೆ ಹತ್ತಾರು ಹೆಜ್ಜೆ ಒಳಬರುತ್ತದೆ. ಕಯಾಕ್ ಅನ್ನು ಪೂರ್ತಿ ಮೇಲಕ್ಕೆ ಎಳೆದು, ಮಗುಚಿಟ್ಟು, ಜೀವಂತ ಮರಕ್ಕೆ ಕಟ್ಟಿ. ದೋಣಿ ತೇಲಿಹೋದರೆ ನಡುಗಡ್ಡೆಯಿಂದ ಹೊರಬರುವ ದಾರಿಯೇ ಇಲ್ಲ, ಅದಕ್ಕೇ ಪ್ಯಾಡಲ್‌ಗಳನ್ನೂ ಡೇರೆಯ ಹತ್ತಿರವೇ ಇಟ್ಟುಕೊಳ್ಳಿ. ಒಣಗಿ ನಿಂತ ಮರದ ಕೆಳಗೆ ಮಲಗಬೇಡಿ.

ಇನ್ನು ಮಂಗನ ಕಾಯಿಲೆ. ನಿಮ್ಮ ಭಯ ಸರಿಯಾದದ್ದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ 2018-19ರಲ್ಲಿ ಹಿನ್ನೀರಿನ ಕಡೆಯ ಅರಳಗೋಡು ಭಾಗದಲ್ಲಿ ಜೋರಾಗಿ ಹಬ್ಬಿ ಜೀವಗಳನ್ನೇ ತೆಗೆದುಕೊಂಡಿತು. ಹರಡುವುದು ಉಣುಗಿನಿಂದ. ಡಿಸೆಂಬರಿನಿಂದ ಮೇವರೆಗೆ ಇದರ ಕಾಲ, ಜನವರಿಯಿಂದ ಏಪ್ರಿಲ್‌ವರೆಗೆ ಹೆಚ್ಚು, ಏಕೆಂದರೆ ಆಗ ದರಗಿನಲ್ಲಿ (ಉದುರಿದ ಒಣ ಎಲೆಗಳಲ್ಲಿ) ಮರಿ ಉಣುಗುಗಳು ತುಂಬಿರುತ್ತವೆ. ಅವು ಎಷ್ಟು ಸಣ್ಣವೆಂದರೆ ಕಚ್ಚಿದ್ದೂ ಗೊತ್ತಾಗುವುದಿಲ್ಲ. ಮಟ್ಟ ಇಳಿದು ದಡಕ್ಕೆ ಅಂಟಿಕೊಂಡ ನಡುಗಡ್ಡೆಗೆ ದನಗಳೂ ಮಂಗಗಳೂ ಬರುತ್ತವೆ, ಅವುಗಳ ಮೈಮೇಲೆ ಉಣುಗೂ ಬರುತ್ತದೆ. ಸುತ್ತ ನೀರಿರುವಾಗಲೇ ಹೋಗಿ ಎನ್ನುವುದಕ್ಕೆ ಇದೂ ಒಂದು ಕಾರಣ.

ದರಗಿನ ಮೇಲೆ ಡೇರೆ ಬೇಡ, ಬರಿ ನೆಲ ಅಥವಾ ಜಂಬಿಟ್ಟಿಗೆ ಕಲ್ಲಿನ ಹಾಸು ಹುಡುಕಿ. ದರಗು ಗುಡಿಸಿ ಜಾಗ ಮಾಡುವುದೂ ಬೇಡ, ಗುಡಿಸುವಾಗಲೇ ಉಣುಗು ಹತ್ತುತ್ತದೆ. ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟ್, ತಿಳಿ ಬಣ್ಣದ ಬಟ್ಟೆ. ದಡಕ್ಕಿಳಿಯುವ ಮುನ್ನ ಕೈಕಾಲು, ಕುತ್ತಿಗೆಗೆ ಉಣುಗನ್ನು ದೂರವಿಡುವ ಡೆಪಾ ಎಣ್ಣೆ ಹಚ್ಚಿ. ಕಾಯಿಲೆಯಿರುವ ಭಾಗಗಳಲ್ಲಿ ಆರೋಗ್ಯ ಇಲಾಖೆ ಅದನ್ನು ಹಂಚುತ್ತದೆ, ಹೊರಡುವ ಮುನ್ನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಅಲ್ಲೇ ಈ ವರ್ಷ ಆ ಭಾಗದಲ್ಲಿ ಮಂಗ ಸತ್ತ ವರದಿ ಇದೆಯೇ ಎಂದೂ ವಿಚಾರಿಸಿ. ಇದ್ದರೆ ಪ್ರವಾಸವನ್ನು ಮುಂದಿನ ವರ್ಷಕ್ಕೆ ಹಾಕಿ. ಸಂಜೆ ಒಬ್ಬರ ಕುತ್ತಿಗೆ, ಕಿವಿಯ ಹಿಂದೆ, ಬೆನ್ನನ್ನು ಇನ್ನೊಬ್ಬರು ನೋಡಿ. ಕಂಕುಳು, ತೊಡೆಸಂದಿ, ಮೊಣಕಾಲ ಹಿಂಭಾಗವನ್ನು ನೀವೇ ನೋಡಿಕೊಳ್ಳಿ. ಕಚ್ಚಿಕೊಂಡದ್ದನ್ನು ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೇರವಾಗಿ ಮೇಲಕ್ಕೆ ತೆಗೆಯಿರಿ, ಉಗುರಿನಿಂದ ಹಿಸುಕಬೇಡಿ, ಬೆಂಕಿ ತಾಗಿಸಬೇಡಿ. ಆಮೇಲೆ ಸೋಪಿನಿಂದ ತೊಳೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಜಾಗ ಗುರುತಿಟ್ಟುಕೊಂಡು ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಿ.

ಊರಿಗೆ ಮರಳಿದ ಮೇಲೂ ಎರಡು ವಾರ ಗಮನವಿರಲಿ. ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ 'ಹಿನ್ನೀರಿನ ಕಾಡಿನಲ್ಲಿ ತಂಗಿದ್ದೆವು' ಎಂದು ಮೊದಲೇ ಹೇಳಿ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಇರುವವರು ಇದನ್ನು ಹೇಳದಿದ್ದರೆ ವೈದ್ಯರಿಗೆ ಸಂಶಯವೇ ಬಾರದಿರಬಹುದು. ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್ ನೀವಾಗಿ ನುಂಗಬೇಡಿ, ಈ ಕಾಯಿಲೆಯಲ್ಲಿ ರಕ್ತಸ್ರಾವದ ಅಪಾಯವಿದೆ.

ಪ್ರಶ್ನೆ: ನಾವಿಬ್ಬರು ಗೆಳತಿಯರು. ಊಟ, ಕುಡಿಯುವ ನೀರಿಗೆ ಎಷ್ಟು ಒಯ್ಯಬೇಕು? ಶೌಚದ ವ್ಯವಸ್ಥೆ ಹೇಗೆ? (ಶಿವಮೊಗ್ಗ)

ನೀರು ತಲೆಗೆ ದಿನಕ್ಕೆ 4 ಲೀಟರ್: ಕುಡಿಯಲು ಮೂರು, ಅಡುಗೆಗೆ ಒಂದು. ಇಬ್ಬರಿಗೆ ಮೂರು ದಿನಕ್ಕೆ 24 ಲೀಟರ್, ಅಂದರೆ 24 ಕೆ.ಜಿ. ಅಷ್ಟನ್ನೂ ಹೊರುವ ಬದಲು 12 ಲೀಟರ್ ಒಯ್ದು, ಉಳಿದದ್ದಕ್ಕೆ ಹಿನ್ನೀರನ್ನೇ ಬಟ್ಟೆಯಲ್ಲಿ ಸೋಸಿ, ಕುದಿ ಬಂದ ಮೇಲೆ ಪೂರ್ತಿ ಒಂದು ನಿಮಿಷ ಕುದಿಸಿ ಬಳಸಿ. ದಡದ ಕಲಕು ನೀರು ಬೇಡ, ಕಯಾಕ್‌ನಲ್ಲಿ ಸ್ವಲ್ಪ ಒಳಗೆ ಹೋಗಿ ತುಂಬಿಕೊಳ್ಳಿ. 230 ಗ್ರಾಂ ಗ್ಯಾಸ್ ಡಬ್ಬಿ ಒಂದರಲ್ಲಿ ಹತ್ತು ಹನ್ನೆರಡು ಲೀಟರ್ ಕುದಿಸಬಹುದು. ಅಡುಗೆಯೂ ಸೇರಿ ಎರಡು ಡಬ್ಬಿ ಇರಲಿ. ಗಾಳಿಗೆ ಮರೆಯಿಲ್ಲದೆ ಹಚ್ಚಿದರೆ ಅದೂ ಸಾಲದು. ರೈಲಿನಲ್ಲಿ ಗ್ಯಾಸ್ ಒಯ್ಯುವಂತಿಲ್ಲ ಎಂಬುದು ನೆನಪಿರಲಿ. ಕಟ್ಟಿಗೆಯ ಬೆಂಕಿ ಹಾಕಬೇಡಿ. ಒಣಹುಲ್ಲಿನ ನಡುಗಡ್ಡೆಗೆ ಕಿಡಿ ತಾಗಿದರೆ ಆರಿಸಲು ಬರುವವರಿಲ್ಲ.

ಊಟಕ್ಕೆ ಮಲೆನಾಡಿನ ಅಡುಗೆಮನೆಯೇ ಸಾಕು. ಬೆಳಿಗ್ಗೆ ತಲೆಗೆ 100 ಗ್ರಾಂ ತೆಳು ಅವಲಕ್ಕಿ, ಅದಕ್ಕೆ ಬೆಲ್ಲ, ಮನೆಯಲ್ಲೇ ಹುರಿದಿಟ್ಟ ಶೇಂಗಾ. ಒಲೆ ಹಚ್ಚುವ ಕೆಲಸವಿಲ್ಲ, ಬೇಗ ನೀರಿಗಿಳಿಯಬಹುದು. ಮಧ್ಯಾಹ್ನ ಚಪಾತಿ ಮತ್ತು ಚಟ್ನಿಪುಡಿ. ಚಪಾತಿ ಮೊದಲ ದಿನಕ್ಕಷ್ಟೇ, ಡಬ್ಬಿಯಲ್ಲಿ ಬೆವರಿ ಎರಡನೆಯ ದಿನಕ್ಕೆ ಬೂಸಲು ಹಿಡಿಯುತ್ತದೆ. ಆಮೇಲೆ ಅದರ ಬದಲು ಹುರಿಹಿಟ್ಟು, ಬಾಳೆಹಣ್ಣು. ರಾತ್ರಿ ಗಂಜಿ: ತಲೆಗೆ 120 ಗ್ರಾಂ ಅಕ್ಕಿ, ಒಂದು ಹಿಡಿ ಹೆಸರುಬೇಳೆ, ತುಪ್ಪ, ಅಪ್ಪೆಮಿಡಿ ಉಪ್ಪಿನಕಾಯಿ. ಅಕ್ಕಿಯನ್ನು ಅರ್ಧ ಗಂಟೆ ನೆನೆಸಿಟ್ಟರೆ ಗ್ಯಾಸ್ ಉಳಿಯುತ್ತದೆ. ಬೆವರಿನಲ್ಲಿ ಉಪ್ಪು ಹೋಗುವುದರಿಂದ ಓಆರ್‌ಎಸ್ ಪೊಟ್ಟಣ ಆರು ಇರಲಿ. ತಿಂಡಿಯನ್ನು ರಾತ್ರಿ ಡೇರೆಯೊಳಗೆ ಇಡಬೇಡಿ, ಇಲಿ ಬರುತ್ತದೆ, ಅದರ ಹಿಂದೆ ಹಾವು.

ಶೌಚಕ್ಕೆ ನೀರಿನ ಅಂಚಿನಿಂದ 60 ಮೀಟರ್ ದೂರ, ಒಂದು ಗೇಣು ಆಳದ ಗುಂಡಿ, ಮೇಲೆ ಮಣ್ಣು. ನಡುಗಡ್ಡೆ ಅಷ್ಟು ಅಗಲವಿಲ್ಲದಿದ್ದರೆ ನೆತ್ತಿಯ ಭಾಗದಲ್ಲಿ. ಪ್ಯಾಡ್, ಒದ್ದೆ ಟಿಶ್ಯೂ ಹೂಳಬೇಡಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ವಾಪಸು ತನ್ನಿ. ಸಣ್ಣ ಕೈಗುದ್ದಲಿ ಇಬ್ಬರಿಗೆ ಒಂದು ಸಾಕು. ಕತ್ತಲಾದ ಮೇಲೆ ಒಬ್ಬರೇ ಹೋಗಬೇಡಿ, ಟಾರ್ಚ್ ಇಲ್ಲದೆ ಹೆಜ್ಜೆ ಇಡಬೇಡಿ.

ಪ್ರಶ್ನೆ: ಕಯಾಕ್‌ನಲ್ಲಿ ಸಾಮಾನು ಹೇಗೆ ಹೊಂದಿಸಬೇಕು? (ಶಿಕಾರಿಪುರ)

ನೀರು, ಅಕ್ಕಿಯಂಥ ಭಾರದ್ದೆಲ್ಲ ಕೆಳಗೆ, ನಡುವಿಗೆ ಹತ್ತಿರ. ಹಾಸಿಗೆ, ಬಟ್ಟೆ ತುದಿಗಳಲ್ಲಿ. ಎರಡೂ ಮಗ್ಗುಲ ತೂಕ ಸಮನಿರಬೇಕು, ಹತ್ತುವ ಮುನ್ನ ದೋಣಿಯನ್ನು ನೀರಿನಲ್ಲಿ ಬಿಟ್ಟು ಹಿಂದಿನಿಂದ ನೋಡಿದರೆ ವಾಲು ಕಾಣುತ್ತದೆ. ಹಿಂಬದಿ ಹಗುರವಾದರೆ ಗಾಳಿ ಅದನ್ನು ತಳ್ಳಿ ಮೂತಿ ಗಾಳಿಯ ಕಡೆಗೆ ತಿರುಗುತ್ತದೆ, ಮುಂಬದಿ ಹಗುರವಾದರೆ ಮೂತಿ ಗಾಳಿಯ ಜೊತೆ ಓಡುತ್ತದೆ. ಆದ್ದರಿಂದ ಎದುರುಗಾಳಿಯ ದಿನ ಭಾರ ತುಸು ಮುಂದೆ, ಬೆನ್ನುಗಾಳಿಯ ದಿನ ತುಸು ಹಿಂದೆ. ನೀರು ನುಗ್ಗದ ಚೀಲದ ಬಾಯನ್ನು ಮೂರು ಸುತ್ತಾದರೂ ಮಡಿಸಿ ಕೊಂಡಿ ಹಾಕಿ, ಒಂದು ಸುತ್ತಿಗೆ ಬಿಟ್ಟರೆ ನೀರು ಒಳಬರುತ್ತದೆ. ಒಂದೇ ದೊಡ್ಡ ಚೀಲಕ್ಕಿಂತ ಸಣ್ಣವು ನಾಲ್ಕು ಒಳ್ಳೆಯವು. ಎಲ್ಲವನ್ನೂ ದೋಣಿಗೆ ಕಟ್ಟಿ, ಆದರೆ ಮೈಗೆ ಸುತ್ತಿಕೊಳ್ಳುವಂಥ ಸಡಿಲ ಹಗ್ಗ ಎಲ್ಲೂ ಇರಬಾರದು.

ಸೀಟಿ, ಮೊಬೈಲ್, ಬೆಂಕಿಪೊಟ್ಟಣ, ಅರ್ಧ ಲೀಟರ್ ನೀರು ಇವಿಷ್ಟು ದೋಣಿಯಲ್ಲಲ್ಲ, ನಿಮ್ಮ ಜಾಕೆಟ್ ಮತ್ತು ಸೊಂಟದ ಚೀಲದಲ್ಲಿರಲಿ. ದೋಣಿ ಕೈತಪ್ಪಿದರೂ ಇವು ನಿಮ್ಮ ಜೊತೆ ಇರುತ್ತವೆ.

ಪ್ರಶ್ನೆ: ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಹೀಗೆ ತಂಗಬಹುದೇ? (ತರೀಕೆರೆ)

ಇಲ್ಲ. ಅದು ಭದ್ರಾ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ ನೀರು, ಲಕ್ಕವಳ್ಳಿಯ ಕಡೆಯಿಂದ ನಡೆಯುವ ದೋಣಿ ಸಫಾರಿಯೇ ದಾರಿ. ಬೇಸಗೆಯಲ್ಲಿ ನೀರಿಳಿದು ತೆರೆದುಕೊಳ್ಳುವ ದಿಬ್ಬಗಳ ಬರಿ ನೆಲದ ಮೇಲೇ ನದಿ ರೀವ ಹಕ್ಕಿಗಳು ಮೊಟ್ಟೆಯಿಡುತ್ತವೆ. ಮನುಷ್ಯ ಇಳಿದರೆ ತಾಯಿಹಕ್ಕಿ ಏಳುತ್ತದೆ, ಸ್ವಲ್ಪ ಹೊತ್ತಿನ ಬಿಸಿಲಿಗೇ ಮೊಟ್ಟೆ ಕೆಡುತ್ತದೆ. ದೂರದಿಂದ ದುರ್ಬೀನಿನಲ್ಲಿ ನೋಡಿ, ಇಳಿಸುವಂತೆ ದೋಣಿಯವರನ್ನು ಒತ್ತಾಯಿಸಬೇಡಿ.

ಪ್ರಶ್ನೆ: ಸಿಗಂದೂರು ಕಡೆ ಸೇತುವೆ ಆದ ಮೇಲೆ ಲಾಂಚಿನ ಭಯ ಇಲ್ಲವಲ್ಲ? ಮೀನುಗಾರರ ಬಲೆಗಳ ಬಗ್ಗೆಯೂ ತಿಳಿಸಿ. (ತುಮರಿ)

2025ರ ಜುಲೈನಲ್ಲಿ ಉದ್ಘಾಟನೆಯಾದ ಸುಮಾರು 2.4 ಕಿ.ಮೀ. ಉದ್ದದ ಸೇತುವೆಯಿಂದ ಅಂಬಾರಗೋಡ್ಲು, ಕಳಸವಳ್ಳಿ ನಡುವಿನ ಓಡಾಟ ಬದಲಾಗಿದೆ, ನಿಜ. ಆದರೆ ಹಿನ್ನೀರಿನಲ್ಲಿ ಲಾಂಚಿನ ಕಡವು ಅದೊಂದೇ ಅಲ್ಲ. ಹಸಿರುಮಕ್ಕಿ, ಮುಪ್ಪಾನೆಯ ಕಡೆಗೂ ಲಾಂಚ್ ಇದೆ. ಯಾವ ಕಡವಿನ ಹತ್ತಿರ ಹೋದರೂ ಅಂದು ಲಾಂಚ್ ಓಡುತ್ತಿದೆಯೇ ಎಂದು ದಡದಲ್ಲೇ ಕೇಳಿಕೊಳ್ಳಿ. ಲಾಂಚ್ ಚಟ್ಟನೆ ನಿಲ್ಲುವುದೂ ಇಲ್ಲ, ತಿರುಗುವುದೂ ಇಲ್ಲ. ಅದರ ಮುಂದೆ ಅಡ್ಡ ಹಾಯಬೇಡಿ, ಅದು ಎಬ್ಬಿಸಿದ ಅಲೆಗೆ ದೋಣಿಯ ಮಗ್ಗುಲು ಕೊಡಬೇಡಿ. ಸೇತುವೆಯ ಕಂಬಗಳಿಂದಲೂ ದೂರವಿರಿ, ಗಾಳಿಯ ದಿನ ಕಂಬಕ್ಕೆ ಬಡಿದು ಮರಳುವ ಅಲೆ ದೋಣಿಯನ್ನು ಎರಡೂ ಕಡೆಯಿಂದ ಕುಲುಕುತ್ತದೆ.

ಬಲೆಗಳನ್ನು ಥರ್ಮಾಕೋಲ್ ತುಂಡು ಅಥವಾ ಖಾಲಿ ಬಾಟಲಿಯ ಸಾಲಿನಿಂದ ಗುರುತಿಸಿ. ಸಾಲು ಕಂಡರೆ ಅದರ ತುದಿಯವರೆಗೆ ಹೋಗಿ ಸುತ್ತಿಬನ್ನಿ. ದಾಟಲೇಬೇಕಾದರೆ ಎರಡು ತೇಲುಗಳ ನಡುವೆ, ಹಗ್ಗ ತಗ್ಗಿರುವಲ್ಲಿ ಪ್ಯಾಡಲ್ ಎತ್ತಿ ತೇಲಿಕೊಂಡೇ ದಾಟಿ. ಸಿಕ್ಕಿಕೊಂಡರೆ ಜಗ್ಗದೆ ಹಿಂದಕ್ಕೆ ಸರಿದು ಕೈಯಿಂದ ಬಿಡಿಸಿ. ಬಲೆ ಕತ್ತರಿಸಬೇಡಿ, ಆ ಮನೆಯ ವಾರದ ಸಂಪಾದನೆ ಅದರಲ್ಲಿದೆ. ಹೊರಡುವ ಮುನ್ನ ದಡದ ಮೀನುಗಾರರೊಂದಿಗೆ ಹತ್ತು ನಿಮಿಷ ಮಾತಾಡಿ: ಇಂದು ಬಲೆ ಎಲ್ಲಿದೆ, ಬೊಡ್ಡೆ ಎಲ್ಲಿ ಮೇಲೆ ಬಂದಿವೆ, ಗಾಳಿ ನಿನ್ನೆ ಎಷ್ಟು ಹೊತ್ತಿಗೆ ಎದ್ದಿತು. ಈ ಮೂರಕ್ಕೂ ಉತ್ತರ ಅವರಲ್ಲಿರುತ್ತದೆ.

ಊರಿನಲ್ಲಿ ಉಳಿಯುವ ಒಬ್ಬರ ಕೈಗೆ ಚೀಟಿಯೊಂದನ್ನು ಕೊಟ್ಟು ಹೊರಡಿ. ಹೊರಟ ದಡ, ತಂಗುವ ನಡುಗಡ್ಡೆ, ದೋಣಿಯ ಬಣ್ಣ, ಅನುಮತಿ ಕೊಟ್ಟ ಕಚೇರಿಯ ಸಂಖ್ಯೆ, ಮೂರನೆಯ ದಿನ ಎಷ್ಟು ಗಂಟೆಗೆ ಕರೆ ಮಾಡುತ್ತೀರಿ ಎಲ್ಲವೂ ಅದರಲ್ಲಿರಲಿ. ಆ ಹೊತ್ತಿಗೆ ಒಂದು ಗಂಟೆ ಕಳೆದರೂ ಕರೆ ಬರದಿದ್ದರೆ ಅವರು 112ಕ್ಕೆ ಫೋನ್ ಮಾಡಬೇಕು. ಮಧ್ಯಾಹ್ನ ಒಂದು ಗಂಟೆಯ ಸಮಯ ಬರೆಯಿರಿ, ಸಂಜೆಯದಲ್ಲ. ಹುಡುಕುವವರಿಗೆ ಬೆಳಕು ಬೇಕು.